ಮಕ್ಕಳ ಮನೆಯ ಚಳಿ ಮತ್ತು ಗೋಡೆಯ ಥರ್ಮೋಸ್ಟಾಟ್

ಚಳಿಗಾಲದಲ್ಲಿ ಅಮೆರಿಕದ ಮಕ್ಕಳ ಮನೆಗೆ ಹೊರಟಿರುವ ಅಪ್ಪ-ಅಮ್ಮಂದಿರಿಗಾಗಿ ಈ ಸಲದ ಅಂಕಣ. ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೋ ಹೋದವರು ಹಗಲೆಲ್ಲ ಮನೆಯಲ್ಲೇ ಇರುತ್ತಾರೆ. ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ ಗೋಡೆಯ ಥರ್ಮೋಸ್ಟಾಟ್ ಇವರ ಕೈಗೆ ಬರುತ್ತದೆ. ಬೇಡದಾಗ ಆರಿಸು, ಬೇಕಾದಾಗ ಹಾಕು ಎಂಬುದು ನಾವು ಕಲಿತ ಉಳಿತಾಯ. ಆ ಮನೆಯಲ್ಲಿ ಹೀಟ್ ಪಂಪ್ ಇದ್ದರೆ ಇದೇ ಅಭ್ಯಾಸ ಬಿಲ್ಲು ಏರಿಸಬಹುದು.

ಹೀಟ್ ಪಂಪ್ ಎಂದರೆ ಹಿಮ್ಮುಖವಾಗಿ ಓಡುವ ಎ.ಸಿ. ಹೊರಗಿನ ತಣ್ಣನೆಯ ಗಾಳಿಯಲ್ಲೂ ಇರುವ ಶಾಖವನ್ನು ಹೀರಿ ಒಳಗೆ ತರುತ್ತದೆ. ಹೊರಗೆ ತೀರಾ ಕೊರೆಯದಿದ್ದರೆ ಒಂದು ಯೂನಿಟ್ ಕರೆಂಟಿಗೆ ಎರಡು-ಮೂರು ಯೂನಿಟ್ ಶಾಖ ಸಿಗುತ್ತದೆ. ಆದರೆ ಇದರ ಕೆಲಸ ನಿಧಾನ. ಅದು ಸಾಲದಾದಾಗ ನೆರವಿಗೆಂದು ಅನೇಕ ಮನೆಗಳಲ್ಲಿ ವಿದ್ಯುತ್ ಕಾಯಿಲ್ ಇರುತ್ತದೆ. ಅದು ನಮ್ಮ ಗೀಸರಿನ ಜಾತಿ. ಒಂದು ಯೂನಿಟ್ಟಿಗೆ ಒಂದೇ ಯೂನಿಟ್ ಶಾಖ. ಅದು ಓಡುವಾಗ ಪರದೆಯಲ್ಲಿ ‘ಆಕ್ಸ್ ಹೀಟ್’ ಎಂದು ಕಾಣುತ್ತದೆ.

ರಾತ್ರಿ 62 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿ, ಬೆಳಗ್ಗೆ ಒಮ್ಮೆಲೇ 70ಕ್ಕೆ ಏರಿಸಿದಿರಿ ಎನ್ನಿ. ಅಷ್ಟು ಅಂತರ ಕಂಡ ಥರ್ಮೋಸ್ಟಾಟ್ ಸಾಮಾನ್ಯವಾಗಿ ಕಾಯಿಲನ್ನು ಕರೆಯುತ್ತದೆ. ರಾತ್ರಿಯ ಉಳಿತಾಯ ಬೆಳಗ್ಗೆಯೇ ಕರಗಬಹುದು. ಆದ್ದರಿಂದ 68 ಅಥವಾ 70, ಅಂದರೆ ನಮ್ಮ ಲೆಕ್ಕದಲ್ಲಿ 20-21 ಡಿಗ್ರಿ, ಒಂದಕ್ಕೆ ಇಟ್ಟು ಬಿಟ್ಟುಬಿಡಿ. ಬದಲಿಸಲೇಬೇಕಾದರೆ ಒಂದೊಂದೇ ಡಿಗ್ರಿ ಏರಿಸಿ, ಕಾಯಿರಿ. ಗ್ಯಾಸ್ ಫರ್ನೇಸ್ ಇರುವ ಮನೆಗೆ ಈ ಮಾತು ಅನ್ವಯಿಸದು. ಅಲ್ಲಿ ರಾತ್ರಿ ಇಳಿಸಿದರೆ ಉಳಿತಾಯವೇ.

ಮಕ್ಕಳಿಗೆ ಹೇಳಬೇಕಾದದ್ದೂ ಒಂದಿದೆ. ಹೊರಗಿನ ಉಷ್ಣತೆ ಎಷ್ಟಕ್ಕಿಂತ ಹೆಚ್ಚಿದ್ದರೆ ಕಾಯಿಲ್ ಓಡಬಾರದು ಎಂದು ಇಕೋಬೀಯಂಥ ಥರ್ಮೋಸ್ಟಾಟಿನಲ್ಲಿ ಗೊತ್ತುಮಾಡಬಹುದು. ನೆಸ್ಟ್‌ನಲ್ಲಿ ‘ಹೀಟ್ ಪಂಪ್ ಬ್ಯಾಲೆನ್ಸ್’ ಎಂಬಲ್ಲಿ ಉಳಿತಾಯದ ಕಡೆಗೆ ವಾಲಿಸಬಹುದು. ಮಿತಿ ಎಷ್ಟಿರಬೇಕು ಎಂಬುದು ಊರು, ಮನೆ, ಯಂತ್ರಗಳ ಮೇಲೆ ನಿಂತಿದೆ. ಪಂಪ್ ಹಾಕಿದ ತಂತ್ರಜ್ಞರನ್ನು ಕೇಳುವುದು ಮೇಲು.

‘ಎಮರ್ಜೆನ್ಸಿ ಹೀಟ್’ ಮಾತ್ರ ಒತ್ತಬೇಡಿ. ಅದು ಪಂಪನ್ನು ನಿಲ್ಲಿಸಿ ಕಾಯಿಲೊಂದನ್ನೇ ಓಡಿಸುತ್ತದೆ. ಪಂಪ್ ಕೆಟ್ಟಾಗ ಮಾತ್ರ ಅದರ ಕೆಲಸ. ಹೊರಗಿನ ಯಂತ್ರದಿಂದ ಹೊಗೆಯಂತೆ ಆವಿ ಎದ್ದರೆ ಗಾಬರಿ ಬೇಡ. ತನ್ನ ಮೇಲೆ ಕಟ್ಟಿದ ಹಿಮವನ್ನು ಅದೇ ಕರಗಿಸಿಕೊಳ್ಳುತ್ತಿರುತ್ತದೆ; ಆಗ ಸ್ವಲ್ಪ ಹೊತ್ತು ‘ಆಕ್ಸ್’ ಕಂಡರೂ ಸಹಜವೇ.

ಇಷ್ಟು ಓದಿ, ಮಕ್ಕಳಿಗೆ ಖರ್ಚು ಬೇಡವೆಂದು ನಡುಗುತ್ತ ಕೂರುವವರು ನಮ್ಮಲ್ಲಿ ಬಹಳ. ವಯಸ್ಸಾದ ಮೈ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಹಿರಿಯರಿರುವ ಮನೆ 68 ಡಿಗ್ರಿಗಿಂತ ಕೆಳಗಿಳಿಯಬಾರದು ಎಂಬುದು ಅಲ್ಲಿನ ಆರೋಗ್ಯ ಸಂಸ್ಥೆಗಳದೇ ಸಲಹೆ. ಕಾಲುಚೀಲ, ಸ್ವೆಟರ್ ಹಾಕಿಕೊಂಡೂ ಚಳಿಯಾದರೆ ಬಾಯಿಬಿಟ್ಟು ಹೇಳಿ. ಎಷ್ಟು ಡಿಗ್ರಿ ಇರಲಿ ಎಂಬುದನ್ನು ಹೋದ ವಾರವೇ ಎಲ್ಲರೂ ಕೂತು ಮಾತಾಡಿಕೊಂಡರೆ ನೀವೂ ಬೆಚ್ಚಗೆ, ಬಿಲ್ಲೂ ಹದ್ದುಬಸ್ತಿನಲ್ಲಿ.