ಸದ್ದಡಗಿಸುವ ರಿಪೇರಿ

ಮೈಸೂರಿನ ಜಾವಾ ಓಡಿಸಿ ಬೆಳೆದ ನಮಗೆ ವಾಲ್ವಿನ ಗೊಡವೆಯೇ ಇರಲಿಲ್ಲ. ಆ ಟೂ-ಸ್ಟ್ರೋಕ್ ಇಂಜಿನಿಗೆ ಅದಿಲ್ಲವಷ್ಟೆ. ಪರಊರಿಗೆ ಬಂದು, ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ ಬಿಚ್ಚಿಸಿದಾಗಲೇ ಪೇಚಾಟ. 'ಟಿಕ್ ಟಿಕ್' ಬೇಡವೆಂದು ಹಟ ಹಿಡಿಯುವವರು ನಾವೇ. ಮೆಕ್ಯಾನಿಕ್ ಟ್ಯಾಪೆಟ್ ಬಿಗಿಯುತ್ತಾನೆ. ಸದ್ದಡಗಿತು, ಸರಿ. ಬಿಸಿಯೇರಿ ಉದ್ದವಾದ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ, ಸೀಟಿಗೆ ಶಾಖ ಇಳಿಸಲಾರದೆ ಸುಡುತ್ತದೆ; ಕಂಪ್ರೆಷನ್ ಹೋಗುತ್ತದೆ. ಆಗ ಪಿಸ್ಟನ್ನು, ರಿಂಗು ಎಲ್ಲ ಬದಲಿಸಿರೆಂಬ ಉಪದೇಶ! ನಮ್ಮ ಹಬ್ಬದ ಬೋನಸ್ಸು ಹೋದದ್ದು ಹೀಗೆಯೇ.

ಇಂಜಿನ್ ತಣ್ಣಗಿರುವಾಗ, ಕಂಪ್ರೆಷನ್ನಿನ ಮೇಲ್ತುದಿಯಲ್ಲಿ ಪಿಸ್ಟನ್ ನಿಲ್ಲಿಸಿದರೆ ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು. ಕಳಚಿದ ಹೆಡ್ಡನ್ನು ಬೋರಲಾಗಿಸಿ ಸೀಮೆಎಣ್ಣೆ ಸುರಿದರೆ ಸೋರುವ ವಾಲ್ವ್ ತಾನೇ ಸಿಕ್ಕಿಬೀಳುತ್ತದೆ. ಇಷ್ಟನ್ನೂ ನೋಡದೆ ಬರೆದ ಬಿಲ್ಲಿಗೆ ನಾವೇಕೆ ದುಡ್ಡು ಎಣಿಸಬೇಕು?