ಸೊನ್ನೆಯಿಂದ ನೂರಕ್ಕೆ, ಬಿಬವೇವಾಡಿಯಲ್ಲಿ

ಬಿವೈಡಿ ಸೀಲಯನ್ 7 ಭಾರತದ ಮಾರುಕಟ್ಟೆಗೆ ಬಂದದ್ದು 2025ರ ಫೆಬ್ರುವರಿಯಲ್ಲಿ. ಆಗಿನ ಬೆಲೆ 48.90 ಲಕ್ಷ, ಇನ್ನೂ ಬಲಶಾಲಿಯಾದದ್ದು ಬೇಕೆಂದರೆ 54.90 ಲಕ್ಷ. ಈ ಚೀನೀ ಎಲೆಕ್ಟ್ರಿಕ್ ಎಸ್‌ಯುವಿಯ ವಿಮರ್ಶೆಗಳನ್ನು ಸಾಲಾಗಿ ನೋಡುತ್ತ ಹೋದರೆ ಕೇಳುವುದು ಒಂದೇ ರಾಗ: 4.5 ಸೆಕೆಂಡಿನಲ್ಲಿ ನೂರರ ವೇಗ, ಅಡ್ಡಕ್ಕೂ ಉದ್ದಕ್ಕೂ ತಿರುಗುವ 15.6 ಇಂಚಿನ ಪರದೆ, ಜರ್ಮನ್ ಕಾರಿನ ಠೀವಿ, ಅದಕ್ಕಿಂತ ಕಡಿಮೆ ದರ. ಇದರಲ್ಲಿ ಸುಳ್ಳೇನಿಲ್ಲ. ಕಾರು ಚೆನ್ನಾಗಿಯೇ ಇದೆ. ಚೆನ್ನಾಗಿಲ್ಲದ್ದು ವಿಮರ್ಶೆ.

ಈ ಕಾರನ್ನು ಪುಣೆಯ ಬಿಬವೇವಾಡಿಗೆ ತಂದು ನೋಡಬೇಕು. ಮಾರ್ಕೆಟ್ ಯಾರ್ಡಿನ ಬೆನ್ನಿಗೆ, ದಕ್ಷಿಣದ ಗುಡ್ಡಗಳತ್ತ ಏರುತ್ತ ಹೋಗುವ ಬಡಾವಣೆ ಅದು. ಹಳೆಯ ಹೌಸಿಂಗ್ ಸೊಸೈಟಿಗಳು, ಮೇಲೆ ಅಪ್ಪರ್ ಇಂದಿರಾನಗರದ ಒತ್ತೊತ್ತಾದ ಮನೆಗಳು. ಸೀಲಯನ್ನಿನ ಉದ್ದ 4.83 ಮೀಟರ್, ಕನ್ನಡಿ ಬಿಟ್ಟು ಅಗಲ 1.925 ಮೀಟರ್. ಎರಡೂವರೆ ಮೀಟರ್ ಅಗಲದ ಸಾಮಾನ್ಯ ಪಾರ್ಕಿಂಗ್ ಜಾಗದಲ್ಲಿ ಅದನ್ನು ನಡುಮಧ್ಯೆ ನಿಲ್ಲಿಸಿದರೆ ಒಂದೊಂದು ಬದಿಗೆ ಉಳಿಯುವುದು ಗೇಣೂ ಚಿಲ್ಲರೆ. ಬಾಗಿಲು ತೆರೆದು ಇಳಿಯುವುದು ಹೇಗೆಂದು ಯಾವ ವಿಮರ್ಶಕನೂ ತೋರಿಸುವುದಿಲ್ಲ. ಕಂಬ ಇರುವ ಕಡೆಯಂತೂ ಕೇಳುವುದೇ ಬೇಡ.

ಬ್ಯಾಟರಿ 82.56 ಯೂನಿಟ್ಟಿನದು. ಮಾಮೂಲು 15 ಆಂಪ್ ಪ್ಲಗ್ಗಿನಲ್ಲಿ ಬರಿದಾದ ಬ್ಯಾಟರಿ ತುಂಬಲು ಒಂದು ಹಗಲು, ಒಂದು ರಾತ್ರಿ. ತಿಂಗಳಿಗೆ ನೂರು ಯೂನಿಟ್ಟಿನೊಳಗೆ ಬದುಕುವ ಮನೆಯೊಂದರ ಹೆಚ್ಚುಕಡಿಮೆ ಇಡೀ ತಿಂಗಳ ವಿದ್ಯುತ್ತು ಒಂದೇ ಸಲಕ್ಕೆ ಅದರ ಹೊಟ್ಟೆಗೆ. ತುಂಬಿದ ಮೇಲೆ ಎಷ್ಟು ದೂರ? ಇಲ್ಲಿ ಮಾರುವಾಗ ಹೇಳಿದ್ದು 567 ಕಿಲೋಮೀಟರ್, ಎನ್‌ಇಡಿಸಿ ಲೆಕ್ಕದಲ್ಲಿ. ಇಪ್ಪತ್ತು ನಿಮಿಷ, ಹನ್ನೊಂದು ಕಿಲೋಮೀಟರ್, ಏಸಿ ಇಲ್ಲದೆ ಪ್ರಯೋಗಾಲಯದಲ್ಲಿ ಓಡಿಸುವ ಪರೀಕ್ಷೆ ಅದು. ಯುರೋಪು ಅದನ್ನು 2017ರಿಂದಲೇ ಕೈಬಿಡತೊಡಗಿತು. ಅಲ್ಲಿನ ಹೊಸ ಲೆಕ್ಕದಲ್ಲಿ ಇದೇ ಬ್ಯಾಟರಿಯ, ಹಿಂದಿನ ಚಕ್ರ ತಿರುಗುವ ಕಾರಿಗೆ ಸಿಕ್ಕಿದ್ದು 482. ಏರುದಾರಿ, ಏಪ್ರಿಲ್ ಬಿಸಿಲು, ಸಿಗ್ನಲ್ಲಿನಲ್ಲಿ ನಿಂತಾಗಲೂ ಓಡುವ ಏಸಿ, ಇವು ಇನ್ನೂ ಬಾಕಿ.

ಇವೆಲ್ಲ ಕೊಂಡವನ ಪಾಡು, ಹೋಗಲಿ. ಕೊಳ್ಳದವನು ತೆರುವ ಬೆಲೆಯನ್ನು ವಿಮರ್ಶೆ ಮುಟ್ಟುವುದೇ ಇಲ್ಲ ಎಂಬುದು ನಿಜವಾದ ತಕರಾರು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಂತೆ ಸಣ್ಣ ಪೆಟ್ರೋಲ್ ಕಾರಿಗೆ ಶೇ. 18. ಅರ್ಧ ಕೋಟಿಯ ಎಲೆಕ್ಟ್ರಿಕ್ ಎಸ್‌ಯುವಿಗೆ ಶೇ. 5. ಮೂವತ್ತು ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ. 6 ವಾಹನ ತೆರಿಗೆ ಹಾಕುವ ಮಾತನ್ನು ಮಹಾರಾಷ್ಟ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಆಡಿತು, ಅದೇ ಮಾರ್ಚ್‌ನಲ್ಲಿ ನುಂಗಿಕೊಂಡಿತು. ಆಮೇಲೆ ಬಂದ ನೀತಿ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಟೋಲನ್ನೂ ಮನ್ನಾ ಮಾಡಿತು. ಹಳೆಯ ಮಾರುತಿಯಲ್ಲಿ ಸಂಸಾರ ತುಂಬಿಕೊಂಡು ಹೊರಟವನು ಅಲ್ಲಿ 320 ರೂಪಾಯಿ ಕಟ್ಟಬೇಕು. ಕರ್ನಾಟಕ ಈ ವಿಷಯದಲ್ಲಿ ಮೇಲು: 2024ರಲ್ಲೇ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ. 10ರ ಆಜೀವ ತೆರಿಗೆ ಹಾಕಿತು.

ಚೀನೀ ಕಾರು ಭಾರಿ ಆಮದು ಸುಂಕ ಕಟ್ಟಿಯೇ ಬರುತ್ತದಲ್ಲ ಎಂಬ ಉತ್ತರ ಸಿದ್ಧವಿರುತ್ತದೆ. ಕಟ್ಟುತ್ತದೆ, ನಿಜ. ಆದರೆ ಆ ಸುಂಕ ಇಲ್ಲಿನ ಕಾರ್ಖಾನೆಗಳ ರಕ್ಷಣೆಗೆ ಇರುವಂಥದ್ದು, ಹೋಗುವುದು ದೆಹಲಿಗೆ. ಎರಡು ಟನ್ನಿಗೂ ಮೀರಿದ ಗಾಡಿ ಸವೆಸುವುದು ಪುಣೆಯ ರಸ್ತೆಯನ್ನು.

ಇನ್ನು ಆ 4.5 ಸೆಕೆಂಡು. 2024ರ ಮೇ 19ರ ಬೆಳಗಿನ ಜಾವ ಇದೇ ಪುಣೆಯ ಕಲ್ಯಾಣಿ ನಗರದಲ್ಲಿ ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳು ಕಾರು ಗುದ್ದಿ ಸತ್ತರು. ಓಡಿಸುತ್ತಿದ್ದವನಿಗೆ 17 ವರ್ಷ ಎಂದು ಪೊಲೀಸರು ಹೇಳಿದರು. ಆ ಪೋರ್ಶೆ ಟೈಕಾನ್ ಕೂಡ ಎಲೆಕ್ಟ್ರಿಕ್ಕೇ. 1,758 ರೂಪಾಯಿ ಶುಲ್ಕ ಕಟ್ಟದೆ ಅದರ ನೋಂದಣಿಯೇ ಮುಗಿದಿರಲಿಲ್ಲ. ಮುನ್ನೂರು ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಸಿಕ್ಕ ಜಾಮೀನನ್ನು ದೇಶವೇ ಬೈದಿತು. ಅಷ್ಟಾದ ಮೇಲೂ ಸದ್ದಿಲ್ಲದೆ ಚಿಮ್ಮುವ ಭಾರದ ಗಾಡಿಯ ವೇಗವನ್ನು ಪಟಾಕಿ ಕಂಡ ಮಗುವಿನಂತೆ ಹೊಗಳುವುದು ವಿಮರ್ಶಕರಿಗೆ ಸಹಜವಾಗಿಯೇ ಉಳಿದಿದೆ.

ವಿಮರ್ಶಕರು ಬಿವೈಡಿಯನ್ನು ಹೊಸ ಅತಿಥಿಯೆಂಬಂತೆ ಪರಿಚಯಿಸುವುದು ಇನ್ನೊಂದು ತಮಾಷೆ. 2014ರಲ್ಲಿ ಬಿಎಂಟಿಸಿ ಇದೇ ಕಂಪನಿಯ ಬಸ್ಸನ್ನು ಮೆಜೆಸ್ಟಿಕ್–ಕಾಡುಗೋಡಿ ನಡುವೆ ಮೂರು ತಿಂಗಳು ಓಡಿಸಿ ನೋಡಿತ್ತು. ಬಿವೈಡಿ ತಂತ್ರಜ್ಞಾನದ ಒಲೆಕ್ಟ್ರಾ ಬಸ್ಸುಗಳು 2019ರಿಂದ ಪುಣೆಯ ಪಿಎಂಪಿಎಂಎಲ್‌ನಲ್ಲಿವೆ. ಕೆಲಸಕ್ಕೆ ಹೋಗುವವರು, ಕಾಲೇಜು ಹುಡುಗರು ವರ್ಷಗಟ್ಟಲೆ ಅದರಲ್ಲಿ ಜೋತುಬಿದ್ದು ಓಡಾಡಿದ್ದಾರೆ. ಅದರ ಮೆಟ್ಟಿಲು ಮುದುಕರಿಗೆ ಎತ್ತರವೇ, ಮೇ ತಿಂಗಳಲ್ಲಿ ಏಸಿ ಸಾಲುತ್ತದೆಯೇ, ಒಂದು ಚಾರ್ಜಿಗೆ ಎಷ್ಟು ಟ್ರಿಪ್ ಆಗುತ್ತದೆ ಎಂದು ಯಾವ ಕ್ಯಾಮೆರಾವೂ ಹತ್ತಿ ನೋಡಲಿಲ್ಲ. ಜಿಎಸ್‌ಟಿ ಆ ಬಸ್ಸಿಗೂ ಶೇ. 5.