ಠಸ್ಸೆ ಯಾರ ಕಾವಲಿಗೆ?

ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದು 1948ರ ಸೆಪ್ಟೆಂಬರಿನಲ್ಲಿ. ಅದರ ಅಂಚೆ ವಿಲೀನವಾಗಲು ಇನ್ನೂ ಒಂದೂವರೆ ವರ್ಷ ಹಿಡಿಯಿತು. 1950ರ ಏಪ್ರಿಲ್ 1ರಂದು ನಿಜಾಮರ ಸ್ಟಾಂಪುಗಳ ಜಾಗಕ್ಕೆ ಭಾರತದ ಸ್ಟಾಂಪು ಬಂತು. ಅಲ್ಲಿಯತನಕ ಈಗಿನ ಕಲಬುರಗಿ ಜಿಲ್ಲೆಯ ಅಫಜಲಪುರದಿಂದ ಆಳಂದಕ್ಕೋ ಜೇವರ್ಗಿಗೋ ಪತ್ರ ಹಾಕುವವರು ಅಂಟಿಸುತ್ತಿದ್ದದ್ದು ನಿಜಾಮ ಸರ್ಕಾರದ ಚೀಟಿ. ಅದೇ ಮನುಷ್ಯ ಭೀಮೆಯ ಆಚೆ ದಂಡೆಯ ಆಲಮೇಲಕ್ಕೆ ಬರೆಯಬೇಕೆಂದರೆ ಆ ಚೀಟಿ ನಡೆಯುತ್ತಿರಲಿಲ್ಲ. ಆಲಮೇಲ ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿದ್ದು. ಅಲ್ಲಿಗೆ ಬ್ರಿಟಿಷ್ ಇಂಡಿಯಾದ, 1947ರ ಮೇಲೆ ಭಾರತದ ಸ್ಟಾಂಪೇ ಬೇಕಿತ್ತು. ನದಿ ಒಂದೇ, ಭಾಷೆ ಒಂದೇ, ಜಾತ್ರೆಗಳೂ ಕೂಡಿಯೇ ನಡೆಯುವಂಥವು. ಬೇರೆಯಾಗಿದ್ದದ್ದು ಪತ್ರದ ಮೂಲೆಯ ಆ ಬೆರಳಗಲದ ಕಾಗದ ಮಾತ್ರ.

ನಿಜಾಮ ಸರ್ಕಾರ 1869ರಲ್ಲಿ ತನ್ನ ಮೊದಲ ಸ್ಟಾಂಪು ತಂದಿತು. ಒಂದು ಆಣೆಯದು, ಅಚ್ಚಾದದ್ದು ಲಂಡನ್ನಿನಲ್ಲಿ. 1873ರಿಂದ ಸರ್ಕಾರಿ ಕಾಗದಪತ್ರಗಳಿಗೆಂದೇ ಕೆಲವು ಚೀಟಿಗಳ ಮೇಲೆ ಉರ್ದುವಿನಲ್ಲಿ 'ಸರ್ಕಾರಿ' ಎಂದು ಮೇಲಚ್ಚು ಹೊಡೆಯತೊಡಗಿದರು. ತಹಸೀಲಿನ ಗುಮಾಸ್ತ ದಫ್ತರದ ಸ್ಟಾಂಪನ್ನು ಮನೆಯ ಪತ್ರಕ್ಕೆ ಅಂಟಿಸಿದರೆ ಒಂದೇ ನೋಟಕ್ಕೆ ಸಿಕ್ಕಿಬೀಳಲಿ ಎಂಬ ಲೆಕ್ಕಾಚಾರ. 1931ರ ಮಾಲಿಕೆಯ 12 ಆಣೆಯ ಸ್ಟಾಂಪಿನ ಮೇಲೆ ಬೀದರಿನ ಮಹಮೂದ್ ಗವಾನ್ ಮದರಸಾ ಇತ್ತು. ಚಾರ್‌ಮಿನಾರಿಗೆ ಸಿಕ್ಕಿದ್ದು ಒಂದು ಆಣೆಯದು. ಈ ಭಾಗದವರು ಹೆಮ್ಮೆಪಡಲು ಅಷ್ಟು ಸಾಕು.

ಆದರೆ ಆ ಮೇಲಚ್ಚು ಕಾಯುತ್ತಿದ್ದದ್ದು ಯಾರನ್ನು? ಖಜಾನೆಯನ್ನು. ಅಂಚೆ ಗುರುತುಗಳ ಇತಿಹಾಸವನ್ನು ಎಲ್ಲಿ ತೆರೆದು ನೋಡಿದರೂ ಇದೇ ಕಾಣುತ್ತದೆ. 1840ರಲ್ಲಿ ಬ್ರಿಟನ್ನಿನಲ್ಲಿ ಬಂದ ಪೆನ್ನಿ ಬ್ಲ್ಯಾಕ್ ಕಪ್ಪು ಬಣ್ಣದ್ದು, ಅದರ ಮೇಲೆ ಹೊಡೆಯುತ್ತಿದ್ದ ಠಸ್ಸೆ ಕೆಂಪು. ಜನ ಕೆಂಪು ಮಸಿಯನ್ನು ಒರೆಸಿ ತೆಗೆದು ಅದೇ ಸ್ಟಾಂಪನ್ನು ಮತ್ತೆ ಬಳಸಬಹುದೆಂಬ ಭಯ ಹುಟ್ಟಿತು. ಮರುವರ್ಷವೇ ಸ್ಟಾಂಪು ಕೆಂಪಾಯಿತು, ಠಸ್ಸೆ ಕಪ್ಪಾಯಿತು. ಭಾರತದ ಸ್ಟಾಂಪುಗಳನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1920ರ ದಶಕದವರೆಗೆ ಅಚ್ಚುಹಾಕಿದ ಲಂಡನ್ನಿನ ಡೆ ಲಾ ರೂ ಕಂಪನಿ, ತೊಳೆಯಲು ಹೋದರೆ ಚಿತ್ರವೇ ಕರಗಿಹೋಗುವಂಥ ಮಸಿಗೆ ಹೆಸರಾಗಿತ್ತು. 1865ರ ಸ್ಟಾಂಪುಗಳನ್ನು ಬೆಳಕಿಗೆ ಹಿಡಿದರೆ ಕಾಗದದೊಳಗೆ ಆನೆಯ ತಲೆಯ ನೀರಚ್ಚು ಕಾಣುತ್ತಿತ್ತು. ಕೊನೆಗೆ ಈ ಕೆಲಸ ನಾಸಿಕ್ಕಿನ ಸರ್ಕಾರಿ ಭದ್ರತಾ ಮುದ್ರಣಾಲಯಕ್ಕೆ ಬಂತು.

ಚೀಟಿಯೇ ಬೇಡ, ಯಂತ್ರವೇ ಹಣ ಕಟ್ಟಿದ ಗುರುತನ್ನು ಲಕೋಟೆಯ ಮೇಲೆ ಒತ್ತಲಿ ಎಂಬ ವಿಚಾರ ನೂರಿಪ್ಪತ್ತು ವರ್ಷಕ್ಕೂ ಹಳೆಯದು. ಷಿಕಾಗೊದ ಆರ್ಥರ್ ಪಿಟ್ನಿ 1902ರಲ್ಲಿ ಪೇಟೆಂಟ್ ಪಡೆದ. ನ್ಯೂಜಿಲೆಂಡಿನ ಅರ್ನೆಸ್ಟ್ ಮಾಸ್ 1904ರ ಹೊತ್ತಿಗೆ ತನ್ನ ಯಂತ್ರವನ್ನು ಓಡಿಸಿ ತೋರಿಸಿದ. ಪಿಟ್ನಿ ಮುಂದೆ ವಾಲ್ಟರ್ ಬೋಸ್ ಜೊತೆ ಕೂಡಿಕೊಂಡ. 1920ರಲ್ಲಿ ಅವರ ಮೀಟರಿಗೆ ಅಮೆರಿಕದ ಅಂಚೆ ಇಲಾಖೆಯ ಒಪ್ಪಿಗೆ ಸಿಕ್ಕಿತು. ಫ್ರಾಂಕಿಂಗ್ ಯಂತ್ರದ ಜಾಣತನ ಇರುವುದು ಅದು ಒತ್ತುವ ಮುದ್ರೆಗಿಂತ ಹೆಚ್ಚಾಗಿ ಅದರ ಹೊಟ್ಟೆಯಲ್ಲಿ. ಒಳಗೆ ಎರಡು ಲೆಕ್ಕ ಓಡುತ್ತಿರುತ್ತವೆ. ಒಂದು ಈವರೆಗೆ ಒತ್ತಿದ್ದೆಷ್ಟು ಎಂದು ಏರುತ್ತದೆ, ಇನ್ನೊಂದು ಮುಂಗಡ ಕಟ್ಟಿದ ಹಣದಲ್ಲಿ ಉಳಿದದ್ದೆಷ್ಟು ಎಂದು ಇಳಿಯುತ್ತದೆ. ಇಳಿಯುವ ಲೆಕ್ಕ ಸೊನ್ನೆಗೆ ಬಂದರೆ ಯಂತ್ರ ಬೀಗ ಹಾಕಿಕೊಳ್ಳುತ್ತದೆ. ಹಿಂದೆ ಕಚೇರಿಯವರು ಅದನ್ನು ಹೊತ್ತುಕೊಂಡು ಅಂಚೆ ಕಚೇರಿಗೆ ಹೋಗಿ, ಹಣ ಕಟ್ಟಿ, ಮೊಹರು ಒಡೆಸಿ, ಮತ್ತೆ ಮೊಹರು ಹಾಕಿಸಿಕೊಂಡು ಬರಬೇಕಿತ್ತು. ಈಗಿನವು ದೂರದಿಂದಲೇ ತುಂಬಿಸಿಕೊಳ್ಳುತ್ತವೆ.

ಅಲ್ಲಿಂದ ಮುಂದಿನದು ಯಂತ್ರ ಓದುವ ಸಂಕೇತಗಳ ಕಾಲ. ಜರ್ಮನಿಯಲ್ಲಿ 2020ರಿಂದ ಮೊಬೈಲಿನಲ್ಲಿ ಹಣ ಕಟ್ಟಿ, ಬಂದ ಸಂಕೇತಾಕ್ಷರಗಳನ್ನು ಪೆನ್ನಿನಿಂದ ಲಕೋಟೆಯ ಮೇಲೆ ಬರೆದರೂ ಸಾಕು, ಅದೇ ಸ್ಟಾಂಪು. ಮಸಿ, ಕಾಗದ, ನೀರಚ್ಚು ಯಾವುದರ ಹಂಗೂ ಇಲ್ಲ. ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳುವುದು ಇಲಾಖೆಯ ಕಂಪ್ಯೂಟರಿನಲ್ಲಿರುವ ಲೆಕ್ಕ.

ಇದರಲ್ಲಿ ಒಂದು ಗಂಡಾಂತರವೂ ಅಡಗಿದೆ ಎಂದು ಬ್ರಿಟನ್ ಎರಡು ವರ್ಷದಲ್ಲೇ ಕಂಡುಕೊಂಡಿತು. ಅಲ್ಲಿ 2022ರಲ್ಲಿ ಸ್ಟಾಂಪಿನ ಪಕ್ಕಕ್ಕೇ ಬಾರ್‌ಕೋಡ್ ಬಂತು. ಯಂತ್ರ 'ನಕಲಿ' ಎಂದ ಪತ್ರಗಳಿಗೆ ಐದು ಪೌಂಡ್ ದಂಡ ಹಾಕಿದರು. ದಂಡ ಬಿದ್ದದ್ದು ಪತ್ರ ಪಡೆದವರ ಮೇಲೆ, ಕಳಿಸಿದವರ ಮೇಲಲ್ಲ! ಅಂಚೆ ಕಚೇರಿಯಲ್ಲೇ ಕೊಂಡ ಸ್ಟಾಂಪು ಹೇಗೆ ನಕಲಿಯಾದೀತು ಎಂದು ಜನ ಕೇಳತೊಡಗಿದರು. ತಕರಾರು ದೊಡ್ಡದಾಗಿ 2024ರ ಏಪ್ರಿಲಿನಲ್ಲಿ ರಾಯಲ್ ಮೇಲ್ ಆ ದಂಡವನ್ನು ತಡೆಹಿಡಿಯಬೇಕಾಯಿತು. ಯಂತ್ರದ ತೀರ್ಪನ್ನು ಪ್ರಶ್ನಿಸಲು ಪತ್ರ ಪಡೆದವರ ಕೈಯಲ್ಲಿ ಏನೂ ಇರಲಿಲ್ಲ ಎಂಬುದೇ ಆ ಜಗಳದ ತಿರುಳು.

ಕರ್ನಾಟಕಕ್ಕೆ ಇದರ ತದ್ವಿರುದ್ಧ ಪಾಠ ಸಿಕ್ಕಿದ್ದು ಛಾಪಾ ಕಾಗದದಿಂದ. ಖಾನಾಪುರದ ಅಬ್ದುಲ್ ಕರೀಂ ತೆಲಗಿ ನೀರಚ್ಚನ್ನೂ ವಿಶೇಷ ಕಾಗದವನ್ನೂ ಲೆಕ್ಕಕ್ಕೇ ಇಡಲಿಲ್ಲ. ನಾಸಿಕ್ ಮುದ್ರಣಾಲಯ ವಿಲೇವಾರಿ ಮಾಡಿದ ಯಂತ್ರಗಳನ್ನೇ ಹಿಡಿದು ಅಸಲಿಯಂಥದ್ದೇ ನಕಲಿ ಮಾಡಿದ. 2001ರಲ್ಲಿ ಅವನ ಬಂಧನವಾದ ಮೇಲೆ ಬಯಲಿಗೆ ಬಂದ ಹಗರಣದ ಫಲವಾಗಿ ರಾಜ್ಯ ಇ-ಸ್ಟಾಂಪಿನ ದಾರಿ ಹಿಡಿಯಿತು. ಇಂದು ಜೇವರ್ಗಿಯಲ್ಲಿ ಹೊಲದ ಲಾವಣಿ ಕರಾರು ಬರೆಸುವ ರೈತನ ಕೈಗೆ ಬರುವ ಹಾಳೆಯ ಮೇಲೆ ಅದರದೇ ಒಂದು ಸಂಖ್ಯೆ ಇರುತ್ತದೆ. ಮಗಳ ಮೊಬೈಲಿನಲ್ಲಿ ಆ ಸಂಖ್ಯೆ ಹೊಡೆದು ಅಸಲಿಯೋ ಅಲ್ಲವೋ ಅವನೇ ನೋಡಿಕೊಳ್ಳಬಹುದು. ಕಾವಲಿನ ಕೀಲಿ ಒಂದಿಷ್ಟಾದರೂ ಜನರ ಕೈಗೆ ಬಂದದ್ದು ಇಲ್ಲಿ.

ಅಂಚೆಯಲ್ಲಿ ಆ ಕೀಲಿ ಇನ್ನೂ ಬಂದಿಲ್ಲ. ಅಫಜಲಪುರ, ಆಳಂದ, ಜೇವರ್ಗಿ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಅಂಚೆಯ ಗುರುತು ಎಂದರೆ ಸ್ಟಾಂಪಿನ ಮಾತಲ್ಲ. ಐದು ರೂಪಾಯಿಯ ಲಕೋಟೆಗೆ ನಕಲಿ ಸ್ಟಾಂಪು ಅಚ್ಚುಹಾಕಿ ಯಾರೂ ಶ್ರೀಮಂತರಾಗುವುದಿಲ್ಲ. ಜನರ ಬದುಕು ತೂಗುವುದು ಬೇರೆ ಎರಡು ಗುರುತುಗಳ ಮೇಲೆ: ತಾರೀಖಿನ ಠಸ್ಸೆ ಮತ್ತು ಅಂಚೆಯಣ್ಣ ಲಕೋಟೆಯ ಮೇಲೆ ಬರೆಯುವ ಷರಾ.

ಷರಾ ಎಂದರೆ ಸಣ್ಣ ಸಂಗತಿಯಲ್ಲ. 'ನಿರಾಕರಿಸಿದ್ದಾರೆ', 'ಬಾಗಿಲು ಬೀಗ', 'ಊರಲ್ಲಿಲ್ಲ' ಎಂಬ ಎರಡು ಮೂರು ಪದಗಳು ಕೋರ್ಟಿನಲ್ಲಿ ಒಬ್ಬನ ಹಣೆಬರಹ ಬದಲಿಸುತ್ತವೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಂ ಪ್ರಕಾರ ಸರಿಯಾದ ವಿಳಾಸ ಬರೆದು, ಶುಲ್ಕ ತುಂಬಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿದ ನೋಟಿಸು ಮುಟ್ಟಿತೆಂದೇ ಭಾವಿಸಬೇಕು. ಮುಟ್ಟಿಲ್ಲವೆಂದು ತೋರಿಸುವ ಹೊರೆ ಪಡೆಯಬೇಕಾದವನದು. ಮನೆಗೆ ಬೀಗವಿತ್ತೆಂದು ಮರಳಿದ ನೋಟಿಸೂ ಮುಟ್ಟಿದಂತೆಯೇ ಎಂದು ಸುಪ್ರೀಂ ಕೋರ್ಟ್ 1996ರ ಹೀರಾಲಾಲ್ ಪ್ರಕರಣದಲ್ಲಿ ಹೇಳಿತು. ಚೆಕ್ ಬೌನ್ಸ್ ಪ್ರಕರಣಗಳಿಗೂ ಇಂಥದೇ ನಿಯಮ ಹೇಗೆ ಅನ್ವಯಿಸುತ್ತದೆ ಎಂಬುದನ್ನು 2007ರ ಅಲವಿ ಹಾಜಿ ಪ್ರಕರಣದಲ್ಲಿ ವಿವರಿಸಿತು. ನೋಟಿಸು ಕೈಸೇರಿದ ದಿನದಿಂದ ಹಣ ಕಟ್ಟಲು ಹದಿನೈದು ದಿನ. ಆ ದಿನ ಯಾವುದು ಎಂದು ಹೇಳಬೇಕಾದದ್ದು ಅಂಚೆಯ ಗುರುತೇ.

ಈಗ ಆಳಂದ ಅಥವಾ ಅಫಜಲಪುರದ ಒಂದು ಹಳ್ಳಿಯನ್ನು ಕಣ್ಣಮುಂದೆ ತಂದುಕೊಳ್ಳಬೇಕು. ತೊಗರಿ ರಾಶಿ ಮುಗಿದ ಮೇಲೆ ಓಣಿಯ ಎಷ್ಟೋ ಮನೆಗಳಿಗೆ ಬೀಗ. ಜನ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಉಳಿದದ್ದು ಮುದುಕರು. 'ಮನ್ಯಾಗ ಯಾರೂ ಇಲ್ರಿ' ಎಂದು ಪಕ್ಕದ ಮನೆಯವರು ಹೇಳಿದ್ದನ್ನು ಕೇಳಿ ಬರೆದ ಷರಾ, ಬೇಕೆಂದೇ ತಪ್ಪಿಸಿಕೊಂಡವನಿಗೂ ದುಡಿಯಲು ಹೋದವನಿಗೂ ಒಂದೇ ಅಳತೆ. ಬ್ಯಾಂಕಿನ ಸಾಲದ ನೋಟಿಸು, ಭೂಸ್ವಾಧೀನದ ನೋಟಿಸು, ಅಣ್ಣತಮ್ಮಂದಿರ ಪಾಲಿನ ದಾವೆಯ ಸಮನ್ಸು ಎಲ್ಲ ಇದೇ ಬಾಗಿಲಿಗೆ ಬಂದು ಮರಳುತ್ತವೆ.

ಇನ್ನು ತಾರೀಖಿನ ಠಸ್ಸೆ. ಉಕ್ಕಿನ ಆ ಗುಂಡನೆಯ ಠಸ್ಸೆಯಲ್ಲಿ ದಿನ, ತಿಂಗಳು, ವರ್ಷದ ಬಿಡಿ ಅಚ್ಚುಗಳನ್ನು ನಿತ್ಯ ಬೆಳಿಗ್ಗೆ ಚಿಮಟದಿಂದ ಬದಲಿಸಬೇಕು. ಬದಲಿಸಿದ ಮೇಲೆ ಕಚೇರಿಯ ಪುಸ್ತಕದಲ್ಲಿ ಒಂದು ಮಾದರಿ ಒತ್ತಿ ಸಹಿ ಮಾಡುವ ಪದ್ಧತಿಯೂ ಇದೆ. ಪುಸ್ತಕದಲ್ಲಿ ಬೀಳುವ ಗುರುತು ಸಾಮಾನ್ಯವಾಗಿ ಸ್ಪಷ್ಟವಾಗಿಯೇ ಇರುತ್ತದೆ. ಪತ್ರದ ಮೇಲೆ ಬೀಳುವುದು ಅರ್ಧಚಂದ್ರ! ಮಸಿಪ್ಯಾಡು ಒಣಗಿರುತ್ತದೆ, ಕೆಳಗೆ ಹಾಸಿದ ರಬ್ಬರು ಸವೆದಿರುತ್ತದೆ, ಊರಿನ ಹೆಸರು ಮಾಯವಾಗಿ ವರ್ಷದ ಬಾಲವಷ್ಟೇ ಉಳಿದಿರುತ್ತದೆ. ಕೆಲಸದ ಅರ್ಜಿ ಕೊನೆಯ ದಿನದೊಳಗೆ ಹಾಕಿದ್ದೆ ಎನ್ನುವ ಹುಡುಗಿಗೆ ಅದು ಯಾವ ಸಾಕ್ಷಿ?

2025ರ ಅಕ್ಟೋಬರ್ 1ರಿಂದ ಚಿತ್ರ ಬದಲಾಗಿದೆ. ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಪಡೆಯಬೇಕಾದವರಿಗೇ ಕೊಡಿ ಎನ್ನುವ ನೋಂದಣಿ ಈಗ ಐದು ರೂಪಾಯಿ ಮತ್ತು ತೆರಿಗೆ ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ಸೇವೆ. ಅಷ್ಟೇ ಶುಲ್ಕಕ್ಕೆ ಒಟಿಪಿ ಕೇಳಿ ಬಟವಾಡೆ ಮಾಡುವ ವ್ಯವಸ್ಥೆಯೂ ಬಂದಿದೆ. ಒಟಿಪಿ ಒಳ್ಳೆಯದೇ. ಬೇರೆಯವರ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳುವ ಹಳೆಯ ಚಾಳಿಗೆ ಅದು ಕಡಿವಾಣ. ಆದರೆ ಒಟಿಪಿ ಹೋಗುವುದು ಕಳಿಸುವವರು ನಮೂದಿಸಿದ ನಂಬರಿಗೆ. ಜೇವರ್ಗಿಯ ಅಜ್ಜಿಯ ಹೆಸರಿನ ಪತ್ರಕ್ಕೆ ಬರೆದಿರುವ ನಂಬರು ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಮೊಮ್ಮಗನದಾಗಿರಬಹುದು. ಅವನು ಗೋಡೆ ಏರಿ ನಿಂತಾಗ ಫೋನು ಎತ್ತಲಿಲ್ಲವೆಂದು ಪತ್ರ ಮರಳಿತು ಎಂದರೆ ಷರಾ ಏನೆಂದು ಬರೆಯುತ್ತಾರೆ? 'ಒಟಿಪಿ ಸಿಗಲಿಲ್ಲ' ಎಂಬುದನ್ನು ನಿರಾಕರಣೆ ಎಂದು ಎಣಿಸಬಾರದು. ಇದನ್ನು ಇಲಾಖೆ ಈಗಲೇ ನಿಯಮದಲ್ಲಿ ಬರೆಯಬೇಕು, ಕೋರ್ಟಿನವರೆಗೆ ಹೋಗಿ ತೀರ್ಮಾನವಾಗಲಿ ಎಂದು ಬಿಡಬಾರದು.

ರಸೀದಿಯ ಕಥೆ ಇನ್ನೊಂದು. ಅದರ ಮೇಲಿನ ಹದಿಮೂರು ಅಕ್ಷರಗಳ ಸಂಖ್ಯೆ ಅಂತರರಾಷ್ಟ್ರೀಯ ನಿಯಮದಂತೆ ಮಾಡಿದ್ದು: ಮುಂದೆ ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ದೇಶದ ಗುರುತು. ಒಂಬತ್ತನೆಯ ಅಂಕಿ ತನಿಖೆಯದು. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿ, ಉಳಿದದ್ದನ್ನು 11ರಿಂದ ಕಳೆದರೆ ಬರುವುದೇ ಅದು (10 ಬಂದರೆ 0, 11 ಬಂದರೆ 5). 47312482 ಎಂಬ ಅಂಕಿಗಳಿಗೆ ಮೊತ್ತ 200, ಶೇಷ 2, ತನಿಖೆಯ ಅಂಕಿ 9. ಏಳನೇ ತರಗತಿಯ ಹುಡುಗ ಮಾಡಬಹುದಾದ ಲೆಕ್ಕ. ಒಂದು ಅಂಕಿ ತಪ್ಪಿ ಬಿದ್ದರೆ ಯಂತ್ರ ಕೂಡಲೇ ಹಿಡಿಯುತ್ತದೆ. ಇಷ್ಟು ನಾಜೂಕಿನ ಸಂಖ್ಯೆ ಇರುವ ರಸೀದಿ ಶಾಖದ ಕಾಗದದಲ್ಲಿ ಅಚ್ಚಾದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಿಳಿಚಿಕೊಳ್ಳುತ್ತದೆ. ಕಲಬುರಗಿಯ ಬಿಸಿಲಿನಲ್ಲಿ ಟ್ರಂಕಿನೊಳಗಿಟ್ಟರೂ ಅಷ್ಟೇ. ಸಿವಿಲ್ ದಾವೆ ಒಂದು ಬೇಸಿಗೆಗೆ ಮುಗಿಯುವಂಥದ್ದಲ್ಲ ಎಂಬುದು ಎಲ್ಲರಿಗೂ ಗೊತ್ತು.

ಸಾಧನಗಳಿಲ್ಲ ಎನ್ನುವಂತಿಲ್ಲ. ಹಳ್ಳಿಯ ಶಾಖಾ ಅಂಚೆ ಕಚೇರಿಗಳಿಗೆ 2017ರ ದರ್ಪಣ ಯೋಜನೆಯಿಂದಲೇ ಕೈಯಂತ್ರಗಳು ಬಂದಿವೆ. 2025ರಲ್ಲಿ ಹೊಸ ತಂತ್ರಾಂಶವನ್ನು ಇಲಾಖೆ ಮೊದಲು ಪ್ರಯೋಗ ಮಾಡಿ ನೋಡಿದ್ದೂ ಕರ್ನಾಟಕ ವೃತ್ತದಲ್ಲೇ. 'ಬಾಗಿಲು ಬೀಗ' ಎಂದು ಒತ್ತುವಾಗ ಗಂಟೆ, ಜಾಗ, ಬಾಗಿಲಿನ ಚಿತ್ರ ಮೂರೂ ದಾಖಲಾಗಲಿ. ಅದನ್ನು ಪಡೆಯಬೇಕಾದವರೂ ನೋಡುವಂತಿರಲಿ. ಬಾಗಿಲಿಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಲಿ: ಯಾರ ಪತ್ರ, ಎಲ್ಲಿಂದ, ಎಂದಿನವರೆಗೆ ಯಾವ ಕಚೇರಿಯಲ್ಲಿ ಸಿಗುತ್ತದೆ. ಕೋರ್ಟಿನ ಮತ್ತು ಭೂಸ್ವಾಧೀನದ ಕಾಗದಗಳನ್ನು ಗುಳೆಯ ತಿಂಗಳುಗಳಲ್ಲಿ ಇನ್ನಷ್ಟು ದಿನ ಇಟ್ಟುಕೊಳ್ಳಲು ಶಾಖಾ ಪೋಸ್ಟ್‌ಮಾಸ್ಟರಿಗೆ ಅಧಿಕಾರವಿರಲಿ. ಇದಕ್ಕೆ ಹೊಸ ಕಾಯ್ದೆಯೂ ಬೇಡ. 2024ರ ಜೂನ್‌ನಿಂದ ಜಾರಿಯಲ್ಲಿರುವ 2023ರ ಅಂಚೆ ಕಚೇರಿ ಕಾಯ್ದೆ, ನಿಯಮದಲ್ಲಿ ಹೇಳಿದಷ್ಟು ಹೊಣೆ ಮಾತ್ರ ಇಲಾಖೆಯದು ಎನ್ನುತ್ತದೆ. ಹಾಗಿದ್ದರೆ ತಪ್ಪು ಷರಾಕ್ಕೂ ಒಂದು ಹೊಣೆಯನ್ನು ಆ ನಿಯಮದಲ್ಲೇ ಬರೆಯಬಹುದು. ಮಸಿಪ್ಯಾಡು ಬದಲಿಸಲು ಅದೂ ಬೇಡ. ತಾಲ್ಲೂಕಿನ ಉಪ ಅಂಚೆ ಕಚೇರಿಯಿಂದ ಒಂದು ಶೀಸೆ ಮಸಿ ಹಳ್ಳಿಗೆ ಹೋದರೆ ಸಾಕು.